ಬಾಗಿಲಾಚೆಯವರು

(ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಭಾನುವಾರ ಸಂಜೆ, ‘ಹೊರಗಿನವರು’ ಅನ್ನೋದಕ್ಕೆ ಇಂಗ್ಲಿಷಿನಲ್ಲಿರುವ ಪದಗಳ ಹುಟ್ಟಿನ ಬಗ್ಗೆ ಆಡಿದ ಮಾತುಗಳಿವು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಫ್ಯಾನಿನ ಸದ್ದಿನಲ್ಲಿ ಮುಳುಗಿಹೋದ ಒಂದೆರಡು ಕಡೆ ನೆನಪಿನಿಂದ ತುಂಬಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು 7 ವರ್ಷ ಏಲಿಯನ್ ಆಗಿದ್ದೆ. ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಅಮೆರಿಕದ ತೆರಿಗೆ ಫಾರಂನಲ್ಲಿ ನನ್ನಂಥವರಿಗೆ ಇರುವ ಹೆಸರೇ ಅದು. ಓದೋಕೆ ಹೋದ ಮೊದಲ ಎರಡು ವರ್ಷ ನಾನು ‘ನಾನ್‌ರೆಸಿಡೆಂಟ್ ಏಲಿಯನ್’. ಕೆಲಸಕ್ಕೆ ಸೇರಿದ ಮೇಲೆ ‘ರೆಸಿಡೆಂಟ್ ಏಲಿಯನ್’. ಇದಕ್ಕೊಂದು ಲೆಕ್ಕ ಇದೆ. ಆ ವರ್ಷ ಕನಿಷ್ಠ 31 ದಿನ ಅಲ್ಲಿರಬೇಕು. ಹಿಂದಿನ ಎರಡು ವರ್ಷಗಳ ದಿನಗಳಲ್ಲಿ ಒಂದೊಂದು ಪಾಲು ಸೇರಿಸಿ ಒಟ್ಟು 183 ಆಗಬೇಕು. ಅಷ್ಟಾದರೆ ಬಡ್ತಿ. ಮನುಷ್ಯ ಅವನೇ, ರೂಮು ಅದೇ, ಅನ್ನ ಸಾರು ಅದೇ.

ಅಮ್ಮನಿಗೆ ಫೋನಿನಲ್ಲಿ ಈ ವಿಷಯ ಹೇಳಿದೆ.

“ಏಲಿಯನ್ ಅಂದ್ರೆ ಟೀವಿಯಲ್ಲಿ ಬರ್ತಾವಲ್ಲೋ, ದೊಡ್ಡ ಕಣ್ಣು, ಹಸಿರು ಮೈ, ಅದೇನೋ?”

“ಹೂಂ ಅಮ್ಮ, ಅದೇ.”

“ಅಷ್ಟು ಸಾಲ ಮಾಡಿ ಕಳಿಸಿದ್ದು ಇದಕ್ಕೇನೋ?”

ಅವತ್ತು ನಾನು ಅಮ್ಮನಿಗೆ ಹೇಳಿದ್ದು ಅರ್ಧ ಸುಳ್ಳು. ಆಕಾಶದಿಂದ ಇಳಿದು ಬರುವ ಏಲಿಯನ್ 20ನೇ ಶತಮಾನದ ವಿಜ್ಞಾನ ಕಥೆಗಳ ಕೂಸು. ಕಾನೂನಿನ ಏಲಿಯನ್ ಅದಕ್ಕಿಂತ ಎಷ್ಟೋ ಶತಮಾನ ಹಿರಿಯ. ಹಾಗಾಗಿ ಸರ್ಕಾರ ನಮ್ಮನ್ನು ಮಂಗಳ ಗ್ರಹದವರು ಅಂತ ಕರೆಯುತ್ತಿಲ್ಲ. ಮಂಗಳ ಗ್ರಹದವರಿಗೇ ಕಥೆಗಾರರು ನಮ್ಮ ಹೆಸರು ಕೊಟ್ಟಿದ್ದಾರೆ.

ಈ ಮಾತಿನ ಬೇರು ಲ್ಯಾಟಿನ್‌ನಲ್ಲಿದೆ. ‘ಆಲಿಯುಸ್’ ಅಂದರೆ ಬೇರೆ, ಇನ್ನೊಬ್ಬ. ಅದರಿಂದ ‘ಆಲಿಯೇನುಸ್’, ಅಂದರೆ ಇನ್ನೊಬ್ಬರಿಗೆ ಸೇರಿದ್ದು. ಪತ್ತೇದಾರಿ ಕಥೆಗಳಲ್ಲಿ ‘ಅಲಿಬೈ’ ಬರುತ್ತದಲ್ಲ, ಕೊಲೆ ಆದಾಗ ನಾನು ಬೇರೆ ಕಡೆ ಇದ್ದೆ ಅನ್ನುವ ಸಾಕ್ಷಿ, ಅದೂ ಇದೇ ಮನೆಯದು. ನಮ್ಮ ಪೇಪರಿನ ಅಪರಾಧ ಸುದ್ದಿಯಲ್ಲಿ ದಿನಾ ಬರುವ ‘ಅಲಿಯಾಸ್’ ಕೂಡ.

ಇನ್ನೊಂದು ಇದೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸೈಟು ಹುಡುಕಿಕೊಂಡು ಊರಾಚೆ ಓಡಾಡಿದವರು ಕೈ ಎತ್ತಿ. ಬ್ರೋಕರ್ ಮೊದಲು ಏನು ಹೇಳುತ್ತಾನೆ? “ಅಲಿನೇಷನ್ ಆಗಿದೆ ಸಾರ್, ಚಿಂತೆ ಬೇಡ.” ಹೊಲವಾಗಿದ್ದ ಜಾಗವನ್ನು ಬೇರೆ ಉಪಯೋಗಕ್ಕೆ ಬದಲಾಯಿಸಿದ ಡಿಸಿ ಆಫೀಸಿನ ಆದೇಶ ಅದು. ಆ ಅಲಿನೇಷನ್ನೂ ನನ್ನ ತೆರಿಗೆ ಫಾರಂನ ಏಲಿಯನ್ನೂ ಅಕ್ಕತಂಗಿಯರು. ಕ್ರಯಪತ್ರ ಬರೆಯುವವರು ಇದಕ್ಕೆ ಹತ್ತಿರದ ಕನ್ನಡ ಮಾತೊಂದನ್ನು ಇಟ್ಟುಕೊಂಡಿದ್ದಾರೆ: ‘ಪರಭಾರೆ’. ಆಸ್ತಿ ಪರರ ಪಾಲಾಗುವುದು. ಲ್ಯಾಟಿನ್‌ನ ಹಳೆಯ ಅರ್ಥ ಅಲ್ಲಿ ಚೂರೂ ಮಾಸದೆ ಕೂತಿದೆ.

ಅಮೆರಿಕದ 1952ರ ವಲಸೆ ಕಾನೂನಿನಲ್ಲಿ ಏಲಿಯನ್ ಅನ್ನೋದಕ್ಕೆ ಕೊಟ್ಟ ಅರ್ಥವೂ ಇಷ್ಟೇ ಒಣಗಿದ್ದು: ಅಮೆರಿಕದ ಪ್ರಜೆಯಲ್ಲದ ಯಾರೇ ಆದರೂ. 2021ರಲ್ಲಿ ಅಲ್ಲಿನ ವಲಸೆ ಕಚೇರಿಗಳಿಗೆ ‘ಆ ಮಾತು ಬಿಡಿ, ನಾನ್‌ಸಿಟಿಜನ್ ಅನ್ನಿ’ ಅಂತ ಸೂಚನೆ ಹೋಯಿತು. ಯಾಕೆ? ಕಾನೂನಿನ ಅರ್ಥ ಬದಲಾಗಿರಲಿಲ್ಲ. ಕೇಳುವವರ ಕಿವಿ ಬದಲಾಗಿತ್ತು. ನಮ್ಮ ಅಮ್ಮನಿಗೆ ಹಸಿರು ಮೈ ನೆನಪಾದ ಹಾಗೆ ಎಲ್ಲರಿಗೂ ನೆನಪಾಗುತ್ತಿತ್ತು.

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ‘ಬೇರೆ ಥರ’, ‘ನಮ್ಮವರಲ್ಲ’ ಅನ್ನೋದಕ್ಕೆ ಇಂಗ್ಲಿಷಿನಲ್ಲಿರುವ ಮಾತುಗಳಲ್ಲಿ ಬಹಳಷ್ಟು ಶುರುವಿನಲ್ಲಿ ಬರೀ ಜಾಗ ತೋರಿಸುತ್ತಿದ್ದವು. ಹೊಸಿಲಿನ ಆಚೆ, ಹೊಲದ ಆಚೆ, ನಾಡಿನ ಆಚೆ. ಬೈಗುಳವಲ್ಲ, ಹೊಗಳಿಕೆಯಲ್ಲ, ಬೆರಳು ಮಾಡಿ ತೋರಿಸೋದು ಅಷ್ಟೇ. ಬರಬರುತ್ತಾ ಜಾಗ ಮರೆತುಹೋಯಿತು, ಬೆರಳು ಮನುಷ್ಯನ ಕಡೆ ತಿರುಗಿತು.

‘ಫಾರಿನ್’ ತಗೊಳ್ಳಿ. ಇದರೊಳಗೆ ಒಂದು ಬಾಗಿಲಿದೆ. ಲ್ಯಾಟಿನ್‌ನಲ್ಲಿ ‘ಫೋರೆಸ್’ ಅಂದರೆ ಬಾಗಿಲು, ‘ಫೋರಿಸ್’ ಅಂದರೆ ಬಾಗಿಲ ಹೊರಗೆ. ಸಂಸ್ಕೃತದ ‘ದ್ವಾರ’, ಇಂಗ್ಲಿಷಿನ ‘ಡೋರ್’, ಈ ‘ಫೋರೆಸ್’ ಮೂರೂ ಒಂದೇ ಹಳೆಯ ಬೇರಿನಿಂದ ಬಂದವು. ಅಂದಮೇಲೆ ಫಾರಿನ್ ಅಂದರೆ ಬಾಗಿಲಿನಿಂದ ಹೊರಗಿರುವುದು. ಕಡಲಾಚೆ ಇರಬೇಕು ಅಂತೇನೂ ಇಲ್ಲ, ಜಗುಲಿಯ ಮೇಲಿದ್ದರೂ ಸಾಕು.

ಇದನ್ನು ಅಕ್ಷರಶಃ ನಂಬಿದ ಕಾಲವೂ ಇತ್ತು. ಹಳೆಯ ಇಂಗ್ಲಿಷಿನಲ್ಲಿ ‘ಚೇಂಬರ್ ಫಾರಿನ್’ ಅಂತ ಒಂದು ಮಾತಿತ್ತು. ದೊಡ್ಡ ಮನೆಯಲ್ಲಿ ಪರದೇಶದ ಅತಿಥಿಗಳಿಗೆ ಇಟ್ಟ ಕೋಣೆ ಅಂದುಕೊಂಡಿರಾ? ಅದು ಕಕ್ಕಸು! ನಮ್ಮ ಅಜ್ಜಿ “ಹೊರಕಡೆಗೆ ಹೋಗಿಬರ್ತೀನಿ” ಅಂತ ಚೊಂಬು ಹಿಡಿದು ಹೊರಡುತ್ತಿದ್ದರು. ನಮ್ಮಜ್ಜಿಯೂ ಆ ಇಂಗ್ಲಿಷರೂ ಒಂದೇ ದಾರಿಯಲ್ಲಿ ಯೋಚನೆ ಮಾಡಿದ್ದಾರೆ. ದಿನಾ ಬೆಳಿಗ್ಗೆ ಅಜ್ಜಿ ಫಾರಿನ್‌ಗೆ ಹೋಗಿಬರುತ್ತಿದ್ದರು.

ಆಮೇಲೆ ಈ ಬಾಗಿಲು ಮನೆಯಿಂದ ಪೇಟೆಗೆ ಬಂತು. 16ನೇ ಶತಮಾನದ ಲಂಡನ್ನಿನಲ್ಲಿ ‘ಫಾರಿನ್’ ಅಂದರೆ ಬೇರೆ ದೇಶದವರಲ್ಲ. ಪಕ್ಕದ ಜಿಲ್ಲೆಯಿಂದ ಬಂದ, ಅಪ್ಪಟ ಇಂಗ್ಲಿಷೇ ಮಾತಾಡುವ, ಆದರೆ ಆ ನಗರದಲ್ಲಿ ಕಸುಬು ನಡೆಸುವ ಹಕ್ಕುಪತ್ರ ಇಲ್ಲದ ಮನುಷ್ಯ. ಕಡಲು ದಾಟಿ ಬಂದವರಿಗೆ ಬೇರೆ ಹೆಸರಿತ್ತು: ‘ಏಲಿಯನ್’ ಅಥವಾ ‘ಸ್ಟ್ರೇಂಜರ್’. ಆ ಕಾಲದ ಅಂಗಡಿಯವನೊಬ್ಬನಿಗೆ ಇವೆರಡೂ ಬೇರೆ ಬೇರೆ ಖಾತೆಗಳು. ಇಂಗ್ಲೆಂಡಿನ ವಾಲ್ಸಾಲ್ ಅನ್ನುವ ಊರಿನ ಪೇಟೆಯಿಂದ ಹೊರಗಿದ್ದ ಹಳ್ಳಿಗಾಡಿಗೆ ‘ವಾಲ್ಸಾಲ್ ಫಾರಿನ್’ ಅಂತಲೇ ಹೆಸರು. ನಮ್ಮಲ್ಲಿ ಕಸಬಾ ಹೋಬಳಿ ಅಂತ ಇಲ್ಲವೇ? ಅದರ ಉಲ್ಟಾ ಇದು.

ಸ್ಪೆಲ್ಲಿಂಗ್ ತಪ್ಪು ಬರೆದು ಮೇಷ್ಟ್ರ ಹತ್ತಿರ ಏಟು ತಿಂದವರಿಗೆ ಒಂದು ಸಮಾಧಾನದ ಮಾತು. ಫಾರಿನ್‌ನ ಮಧ್ಯೆ ಒಂದು ‘ಜಿ’ ಸುಮ್ಮನೆ ಕೂತಿದೆಯಲ್ಲ, ಅದು ಅಲ್ಲಿ ಇರಬೇಕಾದ್ದೇ ಅಲ್ಲ. ಫ್ರೆಂಚಿನಿಂದ ಬಂದಾಗ ಇರಲಿಲ್ಲ. ‘ರೇನ್’, ಅಂದರೆ ರಾಜ್ಯಭಾರ ಅನ್ನುವ ಮಾತನ್ನು ನೋಡಿಕೊಂಡು ಯಾರೋ ಸೇರಿಸಿದರು. ‘ಸಾವರಿನ್’ಗೂ ಹೀಗೇ ಆಯಿತು. ಫಾರಿನ್ನಿನೊಳಗೂ ಒಂದು ಹೊರಗಿನ ಅಕ್ಷರ ಬಂದು ಸೇರಿಕೊಂಡಿದೆ ನೋಡಿ.

ನಾನು ಹುಡುಗನಾಗಿದ್ದಾಗ ನಮ್ಮೂರಲ್ಲಿ ‘ಫಾರಿನ್’ ಬೈಗುಳ ಆಗಿರಲಿಲ್ಲ. ತದ್ವಿರುದ್ಧ. ಫಾರಿನ್ ಸೆಂಟು, ಫಾರಿನ್ ಟಾರ್ಚು, ಫಾರಿನ್ ಟೇಪ್‌ರೆಕಾರ್ಡರು. ಕರಾವಳಿಯ ಕಡೆ ಫಾರಿನ್ ಅಂದರೆ ಹೆಚ್ಚಾಗಿ ಗಲ್ಫ್ ದೇಶಗಳೇ. ಬಾಗಿಲಾಚೆಯದು ಅಂದರೆ ಭಯ ಪಡಬೇಕಾಗಿಲ್ಲ, ಆಸೆಯೂ ಪಡಬಹುದು.

‘ಸ್ಟ್ರೇಂಜ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದರ್ಶಿನಿಯಲ್ಲಿ ನಿಂತು “ಎಕ್ಸ್‌ಟ್ರಾ ಚಟ್ನಿ ಹಾಕಿ” ಅಂತೀರಲ್ಲ, ಆ ‘ಎಕ್ಸ್‌ಟ್ರಾ’ ಲ್ಯಾಟಿನ್‌ನಲ್ಲಿ ‘ಹೊರಗೆ’ ಅನ್ನೋ ಮಾತು. ಅದರಿಂದ ‘ಎಕ್ಸ್‌ಟ್ರಾನಿಯುಸ್’, ಹೊರಗಿನವನು. ಹಳೆಯ ಫ್ರೆಂಚಿನ ಬಾಯಲ್ಲಿ ಅದು ಸವೆದು ‘ಎಸ್ಟ್ರಾಂಜ್’ ಆಯಿತು. ಇಂಗ್ಲಿಷಿಗೆ ಬರುವಷ್ಟರಲ್ಲಿ ಮುಂದಿನ ಅಕ್ಷರವೂ ಉದುರಿ ‘ಸ್ಟ್ರೇಂಜ್’. ಮೊದಲು ಹೊರಗಿನ, ಆಮೇಲೆ ಗೊತ್ತಿಲ್ಲದ, ಕೊನೆಗೆ ವಿಚಿತ್ರ.

ಈ ಜಾರುವಿಕೆಯನ್ನು ಕಣ್ಣಾರೆ ನೋಡಬೇಕು ಅಂದರೆ ‘ಔಟ್‌ಲ್ಯಾಂಡಿಶ್’ ನೋಡಬೇಕು. ಯಾರಾದರೂ ತಲೆಬುಡ ಇಲ್ಲದ ಬಟ್ಟೆ ಹಾಕಿಕೊಂಡು ಬಂದರೆ ಈಗ ಅನ್ನುವ ಮಾತಿದು. ಬಿಡಿಸಿ ನೋಡಿ: ಔಟ್ ಅಂದರೆ ಹೊರ, ಲ್ಯಾಂಡ್ ಅಂದರೆ ನಾಡು. ಹೊರನಾಡು! ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದರ ಅರ್ಥ ‘ಹೊರನಾಡಿನ’ ಅಂತ ಅಷ್ಟೇ. 1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ, ಸೊಲೊಮೋನ್ ರಾಜನಂಥವನನ್ನೂ ‘ಔಟ್‌ಲ್ಯಾಂಡಿಶ್’ ಹೆಂಗಸರು ಪಾಪಕ್ಕೆ ಎಳೆದರು ಅಂತ ಬರುತ್ತದೆ. ಈಗಿನ ಓದುಗರಿಗೆ ತಲೆಗೆ ನವಿಲುಗರಿ ಸಿಕ್ಕಿಸಿಕೊಂಡ ಹೆಂಗಸರು ಕಾಣಿಸಬಹುದು. ಪಾಪ, ಅವರು ಬೇರೆ ದೇಶದ ರಾಣಿಯರು, ಅಷ್ಟೇ. ವಿಚಿತ್ರ ಅನ್ನುವ ಅರ್ಥ ಆ ಹೊತ್ತಿಗಾಗಲೇ ಪಕ್ಕದಲ್ಲಿ ತಲೆ ಎತ್ತುತ್ತಿತ್ತು. ಮುಂದೆ ಅದೇ ಗೆದ್ದಿತು.

ಜರ್ಮನರು ಇದೇ ಅಚ್ಚಿನ ಮಾತನ್ನು ಇವತ್ತಿಗೂ ಬರೀ ‘ವಿದೇಶಿ’ ಅನ್ನೋ ಅರ್ಥದಲ್ಲಿ ಬಳಸುತ್ತಾರೆ. ನಾವು? ‘ಹೊರನಾಡ ಕನ್ನಡಿಗರು’ ಅಂದಾಗ ನಮ್ಮ ದನಿಯಲ್ಲಿ ಪ್ರೀತಿ, ಸ್ವಲ್ಪ ಅಭಿಮಾನ. ಚಿಕ್ಕಮಗಳೂರು ಜಿಲ್ಲೆಯ ಹೊರನಾಡಿನಲ್ಲಂತೂ ಅನ್ನಪೂರ್ಣೆ ಕೂತು ಬಂದವರಿಗೆಲ್ಲ ಅನ್ನ ಹಾಕುತ್ತಾಳೆ. ಎರಡು ಭಾಷೆಗಳು ಅದೇ ಎರಡು ತುಂಡು ಸೇರಿಸಿದವು. ಒಂದು ಕಡೆ ಗೇಲಿ ಆಯಿತು, ಒಂದು ಕಡೆ ಆಗಲಿಲ್ಲ. ಹಾಗಂತ ನಾವು ದೊಡ್ಡವರು ಅಂತ ಬೀಗೋದು ಬೇಡ. “ಇವನೊಬ್ಬ ಸೀಮೆಗಿಲ್ಲದವನು” ಅಂತ ಮೂಗು ಮುರಿಯೋದು ನಾವೇ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಮಾತು, ‘ವೆಲ್ಶ್’. ಇದು ಒಂದು ಜನಾಂಗದ ಹೆಸರಲ್ವಾ, ಇಲ್ಲಿ ಯಾಕೆ ಬಂತು ಅಂತ ಕೇಳಬಹುದು. ಕೇಳಿ.

5ನೇ ಶತಮಾನದಲ್ಲಿ ಆಂಗ್ಲರು, ಸ್ಯಾಕ್ಸನ್ನರು ಕಡಲು ದಾಟಿ ಬ್ರಿಟನ್ನಿಗೆ ಬಂದು ನೆಲೆಸಿದರು. ಅಲ್ಲಿ ಆಗಲೇ ಕೆಲ್ಟ್ ಜನ ಶತಮಾನಗಳಿಂದ ಬಾಳುತ್ತಿದ್ದರು. ಬಂದವರು ಇದ್ದವರನ್ನು ಏನಂತ ಕರೆದರು? ‘ವೆಯಾಲ್ಹ್’. ಅಂದರೆ ಹೊರಗಿನವನು! ಮನೆಗೆ ಬಂದ ನೆಂಟ ಜಗುಲಿಯಲ್ಲಿ ಚಪ್ಪಲಿ ಬಿಡುತ್ತಾ ಮನೆಯ ಯಜಮಾನನನ್ನು “ನೀವು ಯಾವ ಕಡೆಯವರು?” ಅಂತ ಕೇಳಿದ ಹಾಗೆ. ಆ ಮಾತಿನ ಬಹುವಚನವೇ ಇವತ್ತಿನ ‘ವೇಲ್ಸ್’. ಅದರಿಂದ ಆದ ಗುಣವಾಚಕ ‘ವೆಲ್ಶ್’. ಕಾರ್ನ್‌ವಾಲ್ ಅನ್ನುವ ಸೀಮೆಯ ಹೆಸರಿನ ಬಾಲದಲ್ಲಿ ಇರುವುದೂ ಅದೇ. ವಾಲೇಸ್, ವಾಲ್ಶ್ ಅಂತ ಮನೆತನದ ಹೆಸರಿರುವವರು ದಿನಾ ತಮ್ಮನ್ನು ತಾವೇ ‘ನಾನು ಹೊರಗಿನವನು’ ಅಂತ ಪರಿಚಯ ಮಾಡಿಕೊಳ್ಳುತ್ತಾರೆ.

ಆ ಜನ ತಮ್ಮನ್ನು ಹಾಗೆ ಕರೆದುಕೊಳ್ಳುವುದಿಲ್ಲ. ಅವರ ಭಾಷೆಯಲ್ಲಿ ಅವರು ‘ಕಮ್ರಿ’, ನಾಡು ‘ಕಮ್ರು’. ಮೂಲ ಅರ್ಥ ‘ಒಂದೇ ನಾಡಿನವರು’, ಅಂದರೆ ನಮ್ಮವರು. ಒಂದೇ ಜನಕ್ಕೆ ಒಳಗಿನಿಂದ ‘ನಮ್ಮವರು’, ಹೊರಗಿನಿಂದ ‘ಹೊರಗಿನವರು’.

ಇಲ್ಲೂ ಬೆರಳು ಜಾಗದಿಂದ ಮನುಷ್ಯನ ಕಡೆ ತಿರುಗಿತು. ವೆಯಾಲ್ಹ್ ಅನ್ನೋದಕ್ಕೆ ಬರಬರುತ್ತಾ ‘ಗುಲಾಮ’ ಅನ್ನುವ ಅರ್ಥವೂ ಸೇರಿಕೊಂಡಿತು. 688ರಿಂದ ವೆಸ್ಸೆಕ್ಸ್ ಆಳಿದ ಈನೆ ಅನ್ನುವ ರಾಜನ ಕಟ್ಟಳೆಗಳು ಉಳಿದುಬಂದಿವೆ. ಆಗ ಯಾರನ್ನಾದರೂ ಕೊಂದರೆ ಅವರ ಮನೆಯವರಿಗೆ ಕೊಲೆಯ ಬೆಲೆ ಕಟ್ಟಿಕೊಡಬೇಕಿತ್ತು. ಆ ಕಟ್ಟಳೆಗಳಲ್ಲಿ ವೆಯಾಲ್ಹ್‌ನ ಜೀವಕ್ಕೆ ಇಂಗ್ಲಿಷನ ಜೀವಕ್ಕಿಂತ ಕಡಿಮೆ ಬೆಲೆ. ಹೆಸರು ಮೊದಲು ಬಂತು, ರೇಟು ಆಮೇಲೆ ಬಂತು.

ಇಷ್ಟು ಕಷ್ಟದ ಮಾತಿನ ಜತೆ ಒಂದು ಸಿಹಿಯೂ ಇದೆ. ನಾವು ಅಕ್ರೋಟು ಅನ್ನುವ ಕಾಯಿಗೆ ಇಂಗ್ಲಿಷಿನಲ್ಲಿ ‘ವಾಲ್‌ನಟ್’. ಗೋಡೆಗೂ ಅದಕ್ಕೂ ಸಂಬಂಧ ಇಲ್ಲ. ಅದು ‘ವೆಯಾಲ್ಹ್ ನಟ್’, ಹೊರಸೀಮೆಯ ಕಾಯಿ. ತಮ್ಮ ಕಾಡಿನಲ್ಲೇ ಬಿಡುವ ಹೇಝಲ್ ಕಾಯಿ ಬೇರೆ, ಗಾಲ್, ಅಂದರೆ ಈಗಿನ ಫ್ರಾನ್ಸ್, ಮತ್ತು ಇಟಲಿ ಕಡೆಯಿಂದ ಬಂದ ಇದು ಬೇರೆ ಅಂತ ಗುರುತಿಗೆ ಇಟ್ಟ ಹೆಸರು. ‘ರೂಬಾರ್ಬ್’ ಅನ್ನುವ ಹುಳಿ ದಂಟಿನ ಹೆಸರಿನ ಕೊನೆಯಲ್ಲೂ ‘ಪರಕೀಯ’ ಅನ್ನುವ ಗ್ರೀಕ್ ಮಾತು ಅಡಗಿದೆ.

ಇದು ನಮಗೆ ಹೊಸದಾ? ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹುಣಸೆ, ಸೀಮೆಹಸು. ಸೀಮೆ ಅಂದರೆ ಮೊದಲು ಗಡಿ. ಆಮೇಲೆ ಗಡಿಯೊಳಗಿನ ಪ್ರದೇಶ, ಬಯಲುಸೀಮೆ ಅಂದ ಹಾಗೆ. ಆಮೇಲೆ ಗಡಿಯ ಆಚೆಯದು! ಒಂದೇ ಪದ ಬೇಲಿಯ ಎರಡೂ ಕಡೆ ಕಾಲು ಹಾಕಿ ನಿಂತಿದೆ. ಪರಂಗಿ ಹಣ್ಣಿನ ‘ಪರಂಗಿ’ಯೂ ಅಷ್ಟೆ. ಫ್ರಾಂಕ್ ಅನ್ನುವ ಯುರೋಪಿನ ಜನಾಂಗದ ಹೆಸರು ಪಾರ್ಸಿಯಲ್ಲಿ ಫರಂಗಿ ಆಗಿ ನಮ್ಮ ಹಿತ್ತಲಿಗೆ ಬಂದು ನೆಟ್ಟುಕೊಂಡಿದೆ. ಹಣ್ಣು ನಿಜವಾಗಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಇರಲಿ, ತಂದವರ ಹೆಸರು ಅಂಟಿಕೊಂಡಿತು.

ಈ ಸೀಮೆ ವ್ಯಾಪಾರದಲ್ಲಿ ಇಂಗ್ಲಿಷರಿಗೆ ನಾವೂ ಒಂದು ಮಾತು ಕೊಟ್ಟಿದ್ದೇವೆ. ಅರಬ್ಬಿಯ ‘ವಿಲಾಯತ್’, ಅಂದರೆ ಪ್ರಾಂತ್ಯ, ಹಿಂದೂಸ್ತಾನಿಯಲ್ಲಿ ಪರದೇಶ ಆಯಿತು, ಮುಖ್ಯವಾಗಿ ಇಂಗ್ಲೆಂಡ್ ಆಯಿತು. ವಿಲಾಯತಿ ಅಂದರೆ ಪರದೇಶದ್ದು. ಇಲ್ಲಿದ್ದ ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ಅದು ‘ಬ್ಲೈಟಿ’ ಆಯಿತು. ಮೊದಲ ಮಹಾಯುದ್ಧದಲ್ಲಿ, ಫ್ರಾನ್ಸಿನ ಕೆಸರು ಕಂದಕಗಳಲ್ಲಿ ಕೂತ ಹುಡುಗರು ಊರು ನೆನೆಸಿಕೊಂಡು ‘ಬ್ಲೈಟಿ’ ಅಂತ ನಿಟ್ಟುಸಿರು ಬಿಡುತ್ತಿದ್ದರು. ಸಾಯುವಷ್ಟು ಅಲ್ಲದ, ಆದರೆ ಮನೆಗೆ ಕಳಿಸುವಷ್ಟು ದೊಡ್ಡ ಗಾಯಕ್ಕೂ ‘ಬ್ಲೈಟಿ’ ಅಂತಲೇ ಹೆಸರು. ನಮ್ಮವರು ‘ಪರದೇಶ’ ಅಂದ ಮಾತಿನಲ್ಲಿ ಅವರು ‘ನಮ್ಮನೆ’ ಅಂತ ಅಳುತ್ತಿದ್ದರು.

‘ಎಕ್ಸಾಟಿಕ್’ ಕೂಡ ಗ್ರೀಕಿನಲ್ಲಿ ‘ಹೊರಗಿನ’ ಅಂತಲೇ. ಸೂಪರ್ ಮಾರ್ಕೆಟ್ಟಿನಲ್ಲಿ ಬ್ರಾಕೊಲಿ, ಜುಕಿನಿ ಇಟ್ಟಿರುವ ತಣ್ಣನೆ ಕಪಾಟಿಗೆ ‘ಎಕ್ಸಾಟಿಕ್ ವೆಜಿಟಬಲ್ಸ್’ ಅಂತ ಬೋರ್ಡು. ಪಕ್ಕದ ಬುಟ್ಟಿಯಲ್ಲಿ ಟೊಮ್ಯಾಟೊ, ಆಲೂಗಡ್ಡೆ, ಹಸಿಮೆಣಸಿನಕಾಯಿ. ಮೂರೂ ಅಮೆರಿಕ ಖಂಡದಿಂದ ಬಂದವೇ. ಅವಕ್ಕೆ ಬೋರ್ಡೂ ಇಲ್ಲ, ಏಸಿಯೂ ಇಲ್ಲ.

ಇಷ್ಟು ಹೊತ್ತು ಜಾಗದ ಮಾತಾಯಿತು. ಕಿವಿಯಿಂದ ಹುಟ್ಟಿದ ಮಾತೊಂದಿದೆ. ಗ್ರೀಕರಿಗೆ ಬೇರೆಯವರ ಭಾಷೆ ಕೇಳಿದರೆ ‘ಬರ್ ಬರ್’ ಅಂದ ಹಾಗೆ ಅನಿಸುತ್ತಿತ್ತು. ಅದಕ್ಕೇ ಅವರು ‘ಬಾರ್ಬರೋಸ್’. ಹೋಮರನ ಕಾವ್ಯದಲ್ಲೇ ಕೇರಿಯ ಅನ್ನುವ ಸೀಮೆಯ ಜನಕ್ಕೆ ‘ಬರ್ ಬರ್ ಮಾತಿನವರು’ ಅನ್ನುವ ವಿಶೇಷಣ ಇದೆ. ಸಂಸ್ಕೃತದಲ್ಲೂ ‘ಬರ್ಬರ’ ಅಂದರೆ ತೊದಲುವವನು. ‘ಮ್ಲೇಚ್ಛ’ ಅನ್ನೋದರ ಧಾತುವಿಗೂ ಅಸ್ಪಷ್ಟವಾಗಿ ಮಾತಾಡು ಅಂತಲೇ ಅರ್ಥ. ಭಾಷೆ ತಿಳಿಯದೆ ಇದ್ದದ್ದು ಕೇಳುವವನಿಗೆ. ತೊದಲುತ್ತಾನೆ ಅನ್ನುವ ಆರೋಪ ಮಾತಾಡುವವನ ಮೇಲೆ! ಅಲ್ಲಿಂದ ‘ಬಾರ್ಬರಸ್’ ಅಂದರೆ ಕ್ರೂರಿ ಆಗಲು ಜಾಸ್ತಿ ದೂರ ಇರಲಿಲ್ಲ. ನಮ್ಮ ಪೇಪರುಗಳಲ್ಲಿ ಈಗ ‘ಬರ್ಬರ’ ಅನ್ನುವ ಮಾತು ‘ಹತ್ಯೆ’ ಇಲ್ಲದೆ ಒಂಟಿಯಾಗಿ ಕಾಣುವುದೇ ಅಪರೂಪ.

ಈ ‘ಬರ್ ಬರ್’ ಕಥೆಯಲ್ಲಿ ನಾವೂ ಇದ್ದಿರಬಹುದು. ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವ ಹಾಳೂರಿನ ಕಸದ ದಿಬ್ಬಗಳಲ್ಲಿ ಸಾವಿರಾರು ಪಪೈರಸ್ ಚೂರುಗಳು ಸಿಕ್ಕವು. ಅದರಲ್ಲಿ ಒಂದು ಗ್ರೀಕ್ ಪ್ರಹಸನ. ಕ್ರಿ.ಶ. 2ನೇ ಶತಮಾನದ ಬರಹ, 1903ರಲ್ಲಿ ಪ್ರಕಟವಾಯಿತು. ಖಾರಿಟಿಯೋನ್ ಅನ್ನುವ ಗ್ರೀಕ್ ಹುಡುಗಿ ಇಂಡಿಯಾದ ಕರಾವಳಿಯಲ್ಲಿ ಒಬ್ಬ ರಾಜನ ಕೈಗೆ ಸಿಕ್ಕಿರುತ್ತಾಳೆ. ಅವಳ ಅಣ್ಣ ಬಂದು, ರಾಜನಿಗೂ ಅವನ ಕಡೆಯವರಿಗೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅವಳನ್ನು ಹಡಗು ಹತ್ತಿಸುತ್ತಾನೆ. ಜತೆಗೊಬ್ಬ ವಿದೂಷಕ. ಅವನ ಆಯುಧ ಏನು ಅಂತ ಮಕ್ಕಳೆದುರು ಹೇಳಬಹುದೋ ಇಲ್ಲವೋ, ಹೂಸು ಬಿಟ್ಟು ಶತ್ರುಗಳನ್ನು ಓಡಿಸುವುದು. (ಇಲ್ಲಿ ಮುಂದಿನ ಸಾಲಿನ ಮಕ್ಕಳು ನಕ್ಕಿದ್ದು ರೆಕಾರ್ಡಿಂಗ್‌ನಲ್ಲಿ ಚೆನ್ನಾಗಿ ಕೇಳುತ್ತದೆ.)

ಆ ನಾಟಕದಲ್ಲಿ ಇಂಡಿಯಾದವರು ತಮ್ಮದೇ ಭಾಷೆ ಮಾತಾಡುತ್ತಾರೆ. ಗ್ರೀಕ್ ಲಿಪಿಯಲ್ಲಿ ಬರೆದ ಆ ಮಾತು ಪ್ರೇಕ್ಷಕರಿಗೆ ಬರೀ ‘ಬರ್ ಬರ್’, ನಗೋದಕ್ಕೆ ಇಟ್ಟಿದ್ದು. ನಮ್ಮ ದಕ್ಷಿಣದ ಶಾಸನಗಳನ್ನು ಓದಿ ಪಳಗಿದ್ದ ಜರ್ಮನ್ ವಿದ್ವಾಂಸ ಹುಲ್ಟ್ಶ್ 1904ರಲ್ಲಿ, ಇದು ಕನ್ನಡ ಇದ್ದ ಹಾಗಿದೆ ಅಂದರು. ಮಂಜೇಶ್ವರ ಗೋವಿಂದ ಪೈ ಅವರೂ ಇದರಲ್ಲಿ ಕನ್ನಡವನ್ನು ಕಂಡರು. ಅಲ್ಲವೇ ಅಲ್ಲ, ಅರ್ಥವಿಲ್ಲದ ಸದ್ದು ಅನ್ನುವವರೂ ಇದ್ದಾರೆ. ಜಗಳ ಇನ್ನೂ ಮುಗಿದಿಲ್ಲ. ನನಗೆ ಕನ್ನಡವೇ ಆಗಿರಲಿ ಅಂತ ಆಸೆ, ಅದು ಪುರಾವೆ ಅಲ್ಲ. ಕನ್ನಡವೇ ಆಗಿದ್ದರೆ ಹಲ್ಮಿಡಿ ಶಾಸನಕ್ಕಿಂತ ಇನ್ನೂರೈವತ್ತು ವರ್ಷಕ್ಕೂ ಹಿಂದೆ, ಕಡಲಾಚೆಯ ರಂಗದ ಮೇಲೆ, ‘ಬಾರ್ಬರೋಸ್’ ವೇಷದಲ್ಲಿ ನಮ್ಮ ಭಾಷೆ ನಿಂತಿತ್ತು.

ಇನ್ನುಳಿದವನ್ನು, ಹೆಚ್ಚಾಗಿ ಈಗ ‘ವಿಚಿತ್ರ’ ಅನ್ನೋ ಅರ್ಥದ ಮಾತುಗಳನ್ನು, ಬೇಗ ಬೇಗ ಮುಗಿಸುತ್ತೇನೆ, ಟೀ ಬರುವ ಹೊತ್ತಾಯಿತು.

‘ಆಡ್’ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯದು. ಮುಂದಕ್ಕೆ ಚಾಚಿಕೊಂಡ ನೆಲದ ಮೂತಿ, ತ್ರಿಕೋನ ಅಂತ ಅರ್ಥ. ತ್ರಿಕೋನದ ಮೂರನೆಯ ಮೂಲೆಗೆ ಜೋಡಿ ಇಲ್ಲ, ಅದಕ್ಕೇ ಬೆಸ ಸಂಖ್ಯೆ. ಪಂಚಾಯಿತಿಯಲ್ಲಿ ಇಬ್ಬರು ಎರಡು ಕಡೆ ನಿಂತಾಗ ತೀರ್ಮಾನ ಹೇಳುವ ಮೂರನೆಯವನಿಗೆ ಆ ಜನ ‘ಆಡ್’ ಮನುಷ್ಯ ಅನ್ನುತ್ತಿದ್ದರು. ಗೌರವದ ಸ್ಥಾನ! ಹುಣಸೆಬೀಜ ಮುಷ್ಟಿಯಲ್ಲಿ ಹಿಡಿದು “ಸರಿಯೋ ಬೆಸವೋ” ಅಂತ ಆಡಿದ್ದೀರಲ್ಲ? ನಮ್ಮಲ್ಲಿ ಜೋಡಿಗೂ ‘ಸರಿ’, ತಪ್ಪಿಲ್ಲದ್ದಕ್ಕೂ ‘ಸರಿ’. ಬೆಸ ಪಾಪ ಎಲ್ಲಿ ನಿಲ್ಲಬೇಕು?

‘ವಿಯರ್ಡ್’ ಒಂದು ಕಾಲಕ್ಕೆ ಹಣೆಬರಹ. ‘ತಿರುಗು, ಆಗು’ ಅನ್ನುವ ಬೇರು, ನಮ್ಮ ‘ವರ್ತಿಸು’, ‘ವರ್ತುಲ’ ಬಂದ ಬೇರೇ. ಷೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕದ ‘ವಿಯರ್ಡ್’ ಸೋದರಿಯರು ವಿಧಿಯನ್ನು ಬಲ್ಲವರು. ನೋಡಿದ ಜನಕ್ಕೆ ವಿಧಿ ಮರೆತು ಅವರ ವಿಕಾರ ರೂಪ ನೆನಪುಳಿಯಿತು.

‘ಪಿಕ್ಯೂಲಿಯರ್’ ಒಳಗೆ ದನ ಕಟ್ಟಿಹಾಕಿದೆ. ಲ್ಯಾಟಿನ್‌ನ ‘ಪೆಕು’ ನಮ್ಮ ‘ಪಶು’ವಿನ ನೆಂಟ. ದನವೇ ಆಸ್ತಿ, ಸ್ವಂತ ಆಸ್ತಿ ‘ಪೆಕೂಲಿಯುಂ’, ಅದರಿಂದ ‘ತನ್ನದೇ ಆದ’ ಅನ್ನುವ ಅರ್ಥ. ಬೈಬಲ್ಲಿನ ಅದೇ 1611ರ ಅನುವಾದದಲ್ಲಿ ಭಕ್ತರು ‘ಪಿಕ್ಯೂಲಿಯರ್ ಜನ’, ದೇವರ ಸ್ವಂತದವರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಬೆ ಇವತ್ತಿಗೂ ಅಧಿಕೃತವಾಗಿ ‘ರಾಯಲ್ ಪಿಕ್ಯೂಲಿಯರ್’. ಬಿಷಪ್ಪರ ಕೈಕೆಳಗಿಲ್ಲ, ನೇರ ರಾಜಮನೆತನದ್ದು.

ಒಂದು ಜೋಡಿಯನ್ನು ಮಾತ್ರ ಬಿಡಲು ಮನಸ್ಸಿಲ್ಲ. ‘ಅನ್‌ಕೂತ್’, ಅಂದರೆ ಈಗ ಒರಟು, ನಾಗರಿಕತೆ ಇಲ್ಲದ. ‘ಕ್ವೇಂಟ್’, ಅಂದರೆ ಹಳೇ ಕಾಲದ, ಮುದ್ದಾಗಿ ವಿಚಿತ್ರ. ಅನ್‌ಕೂತ್‌ನ ಹುಟ್ಟು ಅರ್ಥ ‘ಗೊತ್ತಿಲ್ಲದ್ದು’. ಅಕ್ಷರಕ್ಕೆ ಅಕ್ಷರ ನಮ್ಮ ‘ಅಜ್ಞಾತ’. ಕ್ವೇಂಟ್ ಬಂದದ್ದು ಲ್ಯಾಟಿನ್‌ನ ‘ಗೊತ್ತಿರುವುದು’ ಅನ್ನುವ ಮಾತಿನಿಂದ. ಎರಡಕ್ಕೂ ‘ಜ್ಞಾನ’ದ ಬೇರೇ. ಗೊತ್ತಿದ್ದದ್ದೂ ವಿಚಿತ್ರ, ಗೊತ್ತಿಲ್ಲದ್ದೂ ವಿಚಿತ್ರ ಅಂದರೆ ಮನುಷ್ಯ ಎಲ್ಲಿಗೆ ಹೋಗಬೇಕು ಸ್ವಾಮಿ?

ಕೊನೆಗೆ ‘ಹಾಸ್ಟೈಲ್’, ಹಗೆತನದ. ಲ್ಯಾಟಿನ್‌ನಲ್ಲಿ ‘ಹೋಸ್ಟಿಸ್’ ಅಂದರೆ ಶತ್ರು. ಆದರೆ ‘ನಮ್ಮ ಹಿರಿಯರ ಕಾಲದಲ್ಲಿ ಆ ಮಾತಿಗೆ ಪರದೇಶದವನು ಅಂತಷ್ಟೇ ಅರ್ಥವಿತ್ತು’ ಅಂತ ಎರಡು ಸಾವಿರ ವರ್ಷದ ಹಿಂದೆಯೇ ರೋಮಿನ ವಾಗ್ಮಿ ಸಿಸೆರೋ ಬರೆದಿದ್ದಾನೆ. ‘ಹೊಲದಾಚೆಯಿಂದ ಬಂದವನು’ ಅನ್ನುವ ಇನ್ನೊಂದು ಲ್ಯಾಟಿನ್ ಮಾತು ಇಂಗ್ಲಿಷಿನಲ್ಲಿ ‘ಪಿಲ್‌ಗ್ರಿಮ್’, ಯಾತ್ರಿಕ ಆಯಿತು. ಅವನು ಬಚಾವಾದ. ಹೋಸ್ಟಿಸ್ ಆಗಲಿಲ್ಲ. ತಮಾಷೆ ಏನಂದರೆ ಅದೇ ಬೇರಿನಿಂದಲೇ ಇಂಗ್ಲಿಷಿನ ‘ಗೆಸ್ಟ್’, ‘ಹೋಸ್ಟ್’, ‘ಹಾಸ್ಪಿಟಲ್’ ಎಲ್ಲ ಬಂದವು. ನಮ್ಮ ‘ಆಸ್ಪತ್ರೆ’, ‘ಹೋಟ್ಲು’ ಕೂಡ ಆ ಬೇರಿನ ಚಿಗುರುಗಳೇ. ಬಾಗಿಲಲ್ಲಿ ಗುರುತಿಲ್ಲದವನು ನಿಂತಿದ್ದಾನೆ. ಚಾಪೆ ಹಾಕಬೇಕೋ, ದೊಣ್ಣೆ ತರಬೇಕೋ? ಆ ಹಳೆಯ ಮಾತು ಎರಡನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿತ್ತು.

ಹೊರಗೆ ಹೋದವನ ಕಡೆಯಿಂದಲೂ ನೋಡಬೇಕಲ್ಲ. “ಪರದೇಶಿ ಥರ ಕೂತಿದ್ದಾನೆ ನೋಡು” ಅಂತೀವಿ. ಪರದೇಶಿ ಅಂದರೆ ಬೇರೆ ದೇಶದವನು. ನಮ್ಮ ಮಾತಿನಲ್ಲಿ ಅವನು ದಿಕ್ಕಿಲ್ಲದವನು, ಅನಾಥ. ಜರ್ಮನ್ನಿನಲ್ಲಿ ‘ಎಲೆಂಡ್’ ಅಂದರೆ ದುರ್ಗತಿ. ಸಾವಿರ ವರ್ಷದ ಹಿಂದೆ ಅದು ‘ಎಲಿಲೆಂಟಿ’, ‘ಬೇರೆ ನಾಡು’. ಆ ‘ಎಲಿ’ ಇದೆಯಲ್ಲ, ಅದು ಏಲಿಯನ್‌ನ ‘ಆಲಿಯುಸ್’ಗೆ ಸೋದರ. ಮೊದಲ ಚಳಿಗಾಲ, ಹೊರಗೆ ಹಿಮ, ಒಳಗೆ ಒಂದು ಕುಕ್ಕರು, ಅದರಲ್ಲಿ ಸೀದುಹೋದ ಅನ್ನ, ನಾನು. ಅವತ್ತು ಯಾರಾದರೂ ನನಗೆ ಈ ಪದದ ಮೂಲ ಹೇಳಿದ್ದರೆ ತಕ್ಷಣ ಒಪ್ಪಿಕೊಂಡುಬಿಡುತ್ತಿದ್ದೆ.

ಇಷ್ಟು ನನ್ನ ಮಾತು. ಪ್ರಶ್ನೆಗಳಿದ್ದರೆ ಕೇಳಿ.

(ಮೊದಲ ಪ್ರಶ್ನೆ ‘ವಿಚಿತ್ರ’ ಅನ್ನುವ ನಮ್ಮದೇ ಪದದ ಬಗ್ಗೆ ಬಂತು. ಅದು ಜಾಗದ ಮಾತಲ್ಲ, ಬಣ್ಣದ ಮಾತು, ಚಿತ್ರವಿಚಿತ್ರವಾದ ಬಣ್ಣ ಬಣ್ಣದ್ದು ಅಂತ ಅರ್ಥ ಅಂದೆ. ಆಮೇಲೆ ಹಿಂದಿನ ಸಾಲಿನಲ್ಲಿದ್ದ, ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಡಂ ಎದ್ದು ನಿಂತರು.)

“ನೀವು ಸೀಮೆಎಣ್ಣೆ, ಸೀಮೆಸುಣ್ಣ ಎಲ್ಲ ಹೇಳಿದ್ರಿ, ಸೀಮೆಬದನೆ ಬಿಟ್ಟುಬಿಟ್ರಿ. ನಮ್ಮ ಹಿತ್ತಲಲ್ಲಿ ನಲವತ್ತು ವರ್ಷದಿಂದ ಅದರ ಬಳ್ಳಿ ಇದೆ. ಇನ್ನೂ ಸೀಮೆದೇ. ಅಷ್ಟೇ ಅಲ್ಲ, ಅದು ಬದನೆನೂ ಅಲ್ಲ. ಸೌತೆಕಾಯಿ, ಸೋರೆಕಾಯಿ ಕುಟುಂಬದ್ದು, ಮೆಕ್ಸಿಕೋ ಕಡೆಯದು.”

ಹೌದು ಮೇಡಂ, ಹೆಸರಿನ ಒಂದು ಕಾಲು ಹೊರಗೆ, ಇನ್ನೊಂದು ಕಾಲು ತಪ್ಪು ಮನೆಯಲ್ಲಿ ಅಂದೆ. ಎಲ್ಲರೂ ನಕ್ಕರು. ಅಷ್ಟರಲ್ಲಿ ಟೀ ಲೋಟಗಳ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದ ವಾಚನಾಲಯದ ಹುಡುಗ ಬಾಯಿ ಹಾಕಿದ. ಅವನ ಊರು ಆಂಧ್ರದ ಗಡಿಯಾಚೆ.

“ಸಾರ್, ನಮ್ಮನೇಲಿ ಅದನ್ನ ಬೆಂಗಳೂರು ವಂಕಾಯ ಅಂತೀವಿ.”

ವಂಕಾಯ ಅಂದರೆ ಬದನೆಕಾಯಿ. ತಮಿಳಿನಲ್ಲೂ ಹಾಗೇ, ಬೆಂಗಳೂರು ಕತ್ತರಿಕ್ಕಾಯ್ ಅಂತ ಮುಂದಿನ ಸಾಲಿನಿಂದ ಇನ್ಯಾರೋ ಸೇರಿಸಿದರು. ನಾನು ಮೈಕ್ ಆಫ್ ಮಾಡಿ ಟೀ ತಗೊಂಡೆ.